‘ಇನ್ನೊಂಚೂರು ಬಿಗಿ’: ಸಿಂಧನೂರಿನಲ್ಲಿ ಟೆನಿಸ್ ಗಟ್ ಹಾಕಿದ ಕಾಲ

ಈ ಕಸುಬಿಗೆ ಹೊಸದಾಗಿ ಕಾಲಿಡುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಟೆನಿಸ್ ಬ್ಯಾಟಿಗೆ ಗಟ್ ಹಾಕುವುದು ಅಂಥ ಕಷ್ಟದ ಕೆಲಸವೇನಲ್ಲ. ಉದ್ದಕ್ಕೆ ಒಂದಿಷ್ಟು ಎಳೆ, ಅಡ್ಡಕ್ಕೆ ಒಂದಿಷ್ಟು ಎಳೆ, ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಹೊರಸಿನ ಮಂಚ ಹೆಣೆದು ಗೊತ್ತಿದ್ದವರಿಗೆ ವಾರದಲ್ಲಿ ಕೈ ಕೂಡುತ್ತದೆ. ಕಷ್ಟವೆಲ್ಲ ಇರುವುದು ಆ ಬ್ಯಾಟನ್ನು ಹಿಡಿದುಕೊಂಡು ಬರುವ ಮಹಾನುಭಾವರಲ್ಲಿ. ಅವರಿಗೆ ತಮ್ಮ ಕೈ ಎಂಥದ್ದು ಎಂಬುದು ಗೊತ್ತಿರುವುದಿಲ್ಲ. ಟಿವಿಯಲ್ಲಿ ಕಪ್ ಎತ್ತಿದವನ ಬ್ಯಾಟಿನಲ್ಲಿ ಯಾವ ಗಟ್ ಇತ್ತು ಎಂಬುದು ಮಾತ್ರ ಕಂಠಪಾಠವಾಗಿರುತ್ತದೆ. ರ‍್ಯಾಕೆಟ್ ಎನ್ನಬೇಕು ಎಂದು ತಿದ್ದುವವರು ತಿದ್ದಲಿ. ನಮ್ಮ ಕಡೆ ಎಲ್ಲರೂ ಬ್ಯಾಟು ಎನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ನಾನು ದುಡಿದದ್ದು ಸಿಂಧನೂರಿನ ಒಂದು ಆಟದ ಸಾಮಾನಿನ ಅಂಗಡಿಯಲ್ಲಿ. ಮಾಲೀಕರು ಗುರುಪಾದಪ್ಪನವರು. ಅವರಿಗೆ ಆಟವೆಂದರೆ ಇಸ್ಪೀಟು. ಅಂಗಡಿ ನಡೆಯುತ್ತಿದ್ದುದು ಕೇರಂ ಬೋರ್ಡು, ಕ್ರಿಕೆಟ್ ಬಾಲು ಮತ್ತು ಕಬಡ್ಡಿ ಗೆದ್ದವರಿಗೆ ಕೊಡುವ ಶೀಲ್ಡುಗಳ ಮೇಲೆ. ಗಟ್ ಎಳೆಯುವ ಮಷೀನನ್ನು ಅವರು ಹೈದರಾಬಾದಿನಲ್ಲಿ ಯಾರದೋ ಅಂಗಡಿ ಮುಚ್ಚುವಾಗ ಅಗ್ಗಕ್ಕೆ ಸಿಕ್ಕಿತೆಂದು ಹೊತ್ತು ತಂದಿದ್ದರು. ಅದು ಏನು ಮಾಡುತ್ತದೆ ಎಂಬುದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಅದಕ್ಕೊಂದು ಉದ್ದನೆಯ ಸಲಾಕೆ, ಸಲಾಕೆಯ ಮೇಲೆ ಸರಿಯುವ ಗುಂಡು. ಗುಂಡನ್ನು ಎಷ್ಟು ದೂರ ಸರಿಸುತ್ತೀರೋ ಎಳೆ ಅಷ್ಟು ಬಿಗಿಯುತ್ತದೆ. ಗುರುಪಾದಪ್ಪನವರು ಬಂದವರೇ ತಮ್ಮ ಕೈಚೀಲವನ್ನು ಆ ಸಲಾಕೆಗೆ ನೇತುಹಾಕಿ ಗಲ್ಲೆಗೆ ಹೋಗಿ ಕೂರುತ್ತಿದ್ದರು. ಚೀಲದಲ್ಲಿ ಬುತ್ತಿ ಡಬ್ಬಿ, ನೀರಿನ ಬಾಟಲಿ, ಕೆಲವೊಮ್ಮೆ ಎರಡು ಕಿಲೋ ಬದನೆಕಾಯಿ. ಅವತ್ತು ಯಾರ ಬ್ಯಾಟು ಮಷೀನಿನ ಮೇಲಿರುತ್ತಿತ್ತೋ ಅವರ ಪುಣ್ಯ. “ಮಾಲಕ್ರ, ಚೀಲ ತಗೀರಿ, ಎಳಿ ಹರಿತೈತಿ” ಎಂದರೆ, “ಹರಿದ್ರ ಇನ್ನೊಂದು ಸೆಟ್ ಮಾರಿದಂಗಾತಲ್ಲ” ಎನ್ನುತ್ತಿದ್ದರು. ವ್ಯಾಪಾರವೆಂದರೆ ಹಾಗಿರಬೇಕು.

ಈಗ ಮೂಲೆಯಲ್ಲಿ ಕರೆಂಟಿನ ಮಷೀನು ಬಂದು ಕೂತಿದೆ. ಗುಂಡಿ ಒತ್ತಿದರೆ ತಾನೇ ಎಳೆದು ತಾನೇ ನಿಲ್ಲುತ್ತದೆ. ಕರೆಂಟು ಹೋದರೆ ಅದು ಕೂಡ ಅರ್ಧ ಹೆಣೆದ ಬ್ಯಾಟನ್ನು ಬಾಯಲ್ಲಿ ಕಚ್ಚಿಕೊಂಡು ಸುಮ್ಮನಾಗುತ್ತದೆ. ಆಗ ಎಲ್ಲರಿಗೂ ಹಳೆಯ ಸಲಾಕೆ ನೆನಪಾಗುತ್ತದೆ.

ನಮ್ಮ ಸುತ್ತಮುತ್ತ ಟೆನಿಸ್ ಯಾರಪ್ಪ ಆಡುತ್ತಾರೆ ಎಂದು ನೀವು ಕೇಳಬಹುದು. ಹಟ್ಟಿಯಲ್ಲಿ ಚಿನ್ನದ ಗಣಿಯ ಪಾಳಿ ಮುಗಿಸಿ ಆಡುವವರಿದ್ದರು. ಅವರು ಭೂಮಿಯೊಳಗಿನಿಂದ ಬಂದವರಾದ್ದರಿಂದ ಬಿಸಿಲಲ್ಲಿ ಏನು ಮಾಡಿದರೂ ಖುಷಿಪಡುತ್ತಿದ್ದರು, ನನಗೆ ತೊಂದರೆ ಕೊಡುತ್ತಿರಲಿಲ್ಲ. ಲಿಂಗಸುಗೂರಿನಲ್ಲಿ ಸಾಹೇಬರುಗಳು ಆಡುತ್ತಿದ್ದರು. ಅವರ ಬ್ಯಾಟುಗಳು ದಿನವಿಡೀ ಜೀಪಿನ ಹಿಂದಿನ ಸೀಟಿನಲ್ಲಿ ಬೇಯುತ್ತಿದ್ದವು. ಬಿಸಿಲಲ್ಲಿ ಬೆಂದ ಗಟ್ ಸಡಿಲಾಗುತ್ತದೆ, ನೆರಳಲ್ಲಿಡಿ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಹೇಳಿದ್ದು ಅವರ ತಲೆಗೆ ಹೋಗುವಷ್ಟರಲ್ಲಿ ಅವರಿಗೆ ವರ್ಗವಾಗಿರುತ್ತಿತ್ತು, ಹೊಸ ಸಾಹೇಬರಿಗೆ ಮತ್ತೆ ಮೊದಲಿನಿಂದ ಶುರು. ಮೂರನೆಯವರು ನಮ್ಮ ಅಕ್ಕಿ ಗಿರಣಿಯ ಸಾವಕಾರ್ರು. ಈ ಕಥೆ ಅವರದು.

ಮಸ್ಕಿ ರಸ್ತೆಯಲ್ಲಿ ಸಂಗಪ್ಪ ಸಾವಕಾರ್ರ ರೈಸ್‌ಮಿಲ್ಲಿದೆ. ಮಿಲ್ಲಿನ ಮುಂದೆ ಬತ್ತ ಒಣಹಾಕಲು ಸಿಮೆಂಟಿನ ವಿಶಾಲ ಕಣ. ಬತ್ತವಿಲ್ಲದ ದಿನಗಳಲ್ಲಿ ಕಣ ಖಾಲಿ ಬಿದ್ದಿರುವುದನ್ನು ನೋಡಲಾರದೆ ಸಾವಕಾರ್ರು ಅದಕ್ಕೆ ಬಿಳಿ ಗೆರೆ ಎಳೆಸಿ, ನಡುವೆ ಬಲೆ ಕಟ್ಟಿಸಿ ಟೆನಿಸ್ ಕೋರ್ಟ್ ಎಂದು ಘೋಷಿಸಿದರು. ಸುಗ್ಗಿ ಬಂದರೆ ಕೋರ್ಟಿನ ಮೇಲೆ ಬತ್ತ ಹರವುತ್ತಿದ್ದರು, ಬತ್ತ ಎತ್ತಿದ ಮೇಲೆ ಹೊಟ್ಟು ಉಳಿಯುತ್ತಿತ್ತು. ಬತ್ತದ ಹೊಟ್ಟಿನ ಧೂಳು ಎಷ್ಟು ಒರಟು ಎಂಬುದು ಮಿಲ್ಲಿನವರಿಗೆ ಬೇರೆಯವರು ಹೇಳಬೇಕಿಲ್ಲ. ಅದು ಉದ್ದೆಳೆ ಅಡ್ಡೆಳೆ ಕೂಡುವಲ್ಲಿ ಹೊಕ್ಕು ಅರದ ಹಾಗೆ ತಿಕ್ಕುತ್ತದೆ. ಆಟ ಮುಗಿದ ಮೇಲೆ ಒಣಬಟ್ಟೆಯಲ್ಲಿ ಒಮ್ಮೆ ಒರೆಸಿ, ಸರಿದ ಎಳೆಗಳನ್ನು ಬೆರಳಿನಿಂದ ನೆಟ್ಟಗೆ ಮಾಡಿಟ್ಟರೆ ಗಟ್ಟಿನ ಆಯುಷ್ಯ ಎರಡು ಪಟ್ಟು. ಕೋಟಿ ಬೆಲೆಯ ಮಿಲ್ಲಿಗೆ ದಿನಾ ಎರಡು ಹೊತ್ತು ಕಸ ಹೊಡೆಸುವ ಸಾವಕಾರ್ರಿಗೆ ಬ್ಯಾಟು ಒರೆಸುವುದೆಂದರೆ ಮಾತ್ರ ನಾಚಿಕೆ.

ಆದರೆ ಧೂಳು ದೊಡ್ಡ ಶತ್ರುವಲ್ಲ. ದೊಡ್ಡ ಶತ್ರು ಬೆಲ್ಟು. ಮಿಲ್ಲಿನ ಮೋಟಾರಿನಿಂದ ಗಾಲಿಗೆ ಹೋಗುವ ಪಟ್ಟಿ ಇರುತ್ತದಲ್ಲ, ಅದು. ಹುಟ್ಟಿದಾಗಿನಿಂದ ಸಾವಕಾರ್ರು ನೋಡಿದ್ದು ಅದನ್ನೇ. ಸಡಿಲಾದರೆ ಜಾರುತ್ತದೆ, ಜಾರಿದರೆ ಮಿಲ್ ನಿಲ್ಲುತ್ತದೆ. ಆದ್ದರಿಂದ ಜಗತ್ತಿನಲ್ಲಿ ಏನೇ ಇರಲಿ, ಬಿಗಿಯಾಗಿರಬೇಕು.

“ಎಷ್ಟು ಬಿಗದಿ ಮಾದೇವಪ್ಪ?” ಎಂದು ಕೇಳುವರು.

“ಐವತ್ತೆರಡು ಪೌಂಡ್ ರೀ. ನಿಮ್ಮ ಕೈಗೆ ಅದ ಭಾಳ ಆತು.”

“ಬೆಲ್ಟ್ ಸಡ್ಲಿದ್ರ ಮಿಲ್ ಓಡ್ತೈತೇನು? ಇನ್ನೊಂಚೂರು ಬಿಗಿ.”

ನಾನು ಸಮಾಧಾನದಿಂದ ವಿವರಿಸುತ್ತಿದ್ದೆ. ಗಟ್ ಕೊಂಚ ಸಡಿಲಿದ್ದರೆ ಚೆಂಡು ಒಳಗೆ ಕೂತು ಚಿಮ್ಮುತ್ತದೆ, ಆಡುವವರ ಕೈಗೆ ಶ್ರಮ ಕಡಿಮೆ. ಬಿಗಿದಷ್ಟೂ ಹೊಡೆತದ ಬಲವನ್ನು ಕೈಯೇ ಕೊಡಬೇಕು. ದಿನಾ ಮೈ ಮುರಿದು ಆಡುವ ಪ್ರಾಯದವರಿಗೆ ಸರಿ. ನಡುವಯಸ್ಸಿನಲ್ಲಿ ಹೊಟ್ಟೆ ಕರಗಿಸಲು ಆಡುವವರಿಗೆ ಬ್ಯಾಟಿನ ಮೇಲೆ ಬರೆದಿರುವ ಎರಡು ಅಳತೆಗಳಲ್ಲಿ ಕಡಿಮೆಯದೇ ಸಾಕು. ಸಾವಕಾರ್ರು ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿ, “ಹೌದಪ್ಪ, ಹೌದು. ಇನ್ನೊಂಚೂರು ಬಿಗಿ” ಎನ್ನುತ್ತಿದ್ದರು. ಬಿಗಿದು ಕೊಟ್ಟೆ. ಮುಂದಿನ ವಾರ ಬ್ಯಾಟು ವಾಪಸ್ ಬಂತು, ಕಪ್ಪಗೆ, ಅಂಟಂಟಾಗಿ.

“ಏನಾತ್ರೀ ಇದು?”

“ಬಾಲ್ ಜಾರಾಕತ್ತಿತ್ತು. ಸ್ವಲ್ಪ ರಾಳ ಹಚ್ಚೀನಿ.”

ಬೆಲ್ಟು ಜಾರದಂತೆ ಮಿಲ್ಲಿನಲ್ಲಿ ರಾಳ ಸವರುತ್ತಾರೆ. ಅದನ್ನೇ ಗಟ್ಟಿಗೆ ಸವರಿದ್ದರು. ಕಣದ ಹೊಟ್ಟೆಲ್ಲ ಚೆಂಡಿಗೆ ಮೆತ್ತಿ, ಚೆಂಡು ಮಂಡಾಳುಂಡೆಯ, ಅಂದರೆ ಮಂಡಕ್ಕಿ ಉಂಡೆಯ, ಹಾಗಾಗಿತ್ತಂತೆ. ಎದುರು ಆಡುತ್ತಿದ್ದ ಮಸ್ಕಿಯ ಲೆಕ್ಚರರು ತಾವು ಸೋತಿದ್ದನ್ನು ಆ ಉಂಡೆಯ ಲೆಕ್ಕಕ್ಕೇ ಹಾಕಿದರು. ಎಳೆಗಳಿಗೆ ಹತ್ತಿದ ರಾಳವನ್ನು ತೆಗೆಯಲಾಗಲಿಲ್ಲ.

ಇದರ ಮೇಲೆ ನಮ್ಮ ಗುರುಪಾದಪ್ಪನವರ ಕೊಡುಗೆಯೊಂದು. ಡಬ್ಬಿಯ ಮೇಲೆ ಯಾವನೋ ಚಾಂಪಿಯನ್ನನ ಫೋಟೋ ಇದೆಯೆಂದು ಪಾಲಿಯೆಸ್ಟರ್ ಗಟ್ಟಿನ ಸುರುಳಿಗಳನ್ನು ಒಟ್ಟಿಗೆ ತರಿಸಿ, “ಮಜಬೂತ್ ಮಾಲು, ಹರಿಯಂಗಿಲ್ಲ” ಎಂದು ಎಲ್ಲರಿಗೂ ಅದನ್ನೇ ಹಾಕಿಸಿದರು. ನಿಜ, ಹರಿಯುವುದಿಲ್ಲ. ಅದು ಬಿರುಸು ಜಾತಿಯ ಎಳೆ. ಹೊಡೆದ ಹೊಡೆತಕ್ಕೆ ತಿಂಗಳೊಪ್ಪತ್ತಿನಲ್ಲಿ ಗಟ್ ಹರಿದುಹಾಕುವ ಜಟ್ಟಿಗಳಿಗೆಂದು ಮಾಡಿದ್ದು. ನಮ್ಮ ಸಾವಕಾರ್ರು ಜೀವಮಾನದಲ್ಲಿ ಹೊಡೆದು ಮುರಿದದ್ದೆಂದರೆ ಹಪ್ಪಳ. ಹರಿಯದಿದ್ದರೆ ಗಟ್ ಚೆನ್ನಾಗಿದೆ ಎಂದೇ ಅವರು ತಿಳಿಯುತ್ತಾರೆ. ಆದರೆ ಆ ಎಳೆ ಹರಿಯುವ ಎಷ್ಟೋ ಮೊದಲೇ ಜೀವ ಬಿಟ್ಟಿರುತ್ತದೆ. ಸತ್ತ ಮೇಲೆ ಪ್ರತಿ ಏಟನ್ನೂ ನೇರವಾಗಿ ಮೊಣಕೈಗೆ ಕಳಿಸುತ್ತಿರುತ್ತದೆ. ಆದ್ದರಿಂದ ಹರಿಯಲಿ, ಬಿಡಲಿ, ವಾರಕ್ಕೆ ಎಷ್ಟು ದಿನ ಆಡುತ್ತೀರೋ ವರ್ಷಕ್ಕೆ ಅಷ್ಟು ಸಲ ಗಟ್ ಬದಲಿಸಿ ಎನ್ನುವುದು ನಮ್ಮ ಕಸುಬಿನ ವಾಡಿಕೆಯ ಮಾತು. ಮಿಲ್ಲಿನವರು ಮಹಾನವಮಿಗೆ ಬ್ಯಾಟಿಗೆ ವಿಭೂತಿ ಹಚ್ಚಿ, ಲಾರಿಯ ಪಕ್ಕದಲ್ಲಿಟ್ಟು, ನಿಂಬೆಹಣ್ಣು ತೋರಿಸಿ ಪೂಜೆ ಮಾಡುತ್ತಿದ್ದರು. ಗಟ್ ಬದಲಿಸುತ್ತಿರಲಿಲ್ಲ.

ಮಿಲ್ಲಿನ ಗೇಟಿನ ಎದುರಿಗೇ ನೀಲಮ್ಮನ ಖಾನಾವಳಿ. ಗಂಡ ತೀರಿಕೊಂಡ ಮೇಲೆ ಆಕೆ ಒಬ್ಬಳೇ ನಡೆಸಿಕೊಂಡು ಬಂದಿದ್ದಳು. ಪಲ್ಯ ಹೆಚ್ಚಲು, ತಾಟು ತೊಳೆಯಲು ನಾದಿನಿ ಇದ್ದಳು. ಜೋಳದ ರೊಟ್ಟಿ ಬಡಿಯುವುದು ಮಾತ್ರ ನೀಲಮ್ಮನ ಕೈಯೇ. ಹಮಾಲರು, ಲಾರಿ ಡ್ರೈವರುಗಳು, ಬ್ಯಾಂಕಿನ ನೌಕರರು, ಮಿಲ್ಲಿನ ಸಾವಕಾರ್ರು ಎಲ್ಲರೂ ಅಲ್ಲಿ ಉಣ್ಣುವವರು. ಮುಂಜಾನೆ ಆಟಗಾರರಿಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿಯೂ ಅಲ್ಲಿಂದಲೇ ಕಣಕ್ಕೆ ಬರುತ್ತಿತ್ತು. ಒಂದು ದಿನ ಮಸ್ಕಿಯ ಲೆಕ್ಚರರು ಬರಲಿಲ್ಲ, ಆಟಕ್ಕೆ ಒಬ್ಬರು ಕಡಿಮೆ. ಒಗ್ಗರಣೆ ತಾಟು ಇಳಿಸಿ ಹೊರಟಿದ್ದ ನೀಲಮ್ಮನಿಗೆ ಸಂಗಪ್ಪ ಸಾವಕಾರ್ರು ತಮಾಷೆಗೆ, “ಬಾಬೇ ನೀಲಮ್ಮ, ಸುಮ್ಕ ಆ ಮೂಲ್ಯಾಗ ನಿಂತರ ಸಾಕು” ಎಂದರು. ಆಕೆ ಸೆರಗು ಸಿಕ್ಕಿಸಿಕೊಂಡು, ಯಾರೋ ಚಾಚಿದ ಬ್ಯಾಟು ಹಿಡಿದು ನಿಂತಳು. ಚೆಂಡು ಹತ್ತಿರ ಬಂದಾಗ ಅಂಗೈಯಿಂದ ರೊಟ್ಟಿ ಬಡಿಯುವ ಹಾಗೆ ಬ್ಯಾಟಿನಿಂದ ಒಂದು ಬಾರಿಸಿದಳು. ಚೆಂಡು ಸಾವಕಾರ್ರ ಕಿವಿಯ ಪಕ್ಕದಿಂದ ಹೋಯಿತಂತೆ. ನಾನು ಅಲ್ಲಿರಲಿಲ್ಲ. ಆದರೆ ಒಬ್ಬೊಬ್ಬರೂ ಬೇರೆ ಬೇರೆಯಾಗಿ ಬಂದು ಉಳಿದವರು ಹೇಗೆ ಬೆಪ್ಪಾದರೆಂದು ಹೇಳಿದ್ದರಿಂದ ಎಲ್ಲರೂ ಬೆಪ್ಪಾಗಿದ್ದರೆಂದು ಖಚಿತವಾಯಿತು.

ಆಮೇಲೆ ಆಕೆ ದಿನಾ ಆಡಿದಳು. ರೊಟ್ಟಿಗೆ ಕೂರುವ ಮೊದಲು ಒಂದು ಗಂಟೆ. ಬೇಸಿಗೆ ಮುಗಿಯುವಷ್ಟರಲ್ಲಿ ಆಕೆಯನ್ನು ಸೋಲಿಸುವವರು ಆ ಕಣದಲ್ಲಿ ಉಳಿಯಲಿಲ್ಲ. ಸಾವಕಾರ್ರು ತಮಗೆ ಹೊಸ ಬ್ಯಾಟು ತಂದುಕೊಂಡು ಹಳೆಯದನ್ನು ಆಕೆಗೆ ದಾನ ಮಾಡಿದರು. ದಾನಕ್ಕೆ ನಾಲ್ಕು ಜನರನ್ನು ಕರೆದು ಫೋಟೋ ತೆಗೆಸಿದರು. ಅದು ಅದೇ ರಾಳದ ಬ್ಯಾಟು. ಅದರಲ್ಲಿ ಸಾವಕಾರ್ರು ಬೆಲ್ಟಿನ ಲೆಕ್ಕದಲ್ಲಿ ಬಿಗಿಸಿದ, ಸತ್ತು ಎಷ್ಟೋ ಕಾಲವಾಗಿದ್ದ ಪಾಲಿಯೆಸ್ಟರ್ ಗಟ್ಟಿತ್ತು. ಆಕೆ ಅದರಲ್ಲೇ ಆಡಿ, ಅದರಲ್ಲೇ ಗೆದ್ದು, ಕಡೆಗೊಂದು ದಿನ ಬ್ಯಾಟನ್ನು ಕಂಕುಳಲ್ಲಿ ಸಿಕ್ಕಿಸಿ, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದಳು.

“ಮಾದೇವಣ್ಣ, ಚೊಂಬು ಎತ್ತಾಕ ಬರವಲ್ದು. ಮೊಣಕೈಯಾಗ ಸೂಜಿ ಚುಚ್ಚಿದಂಗ ಆಗತೈತಿ. ಲಿಂಗಸುಗೂರಿಗೆ ಹೋಗಿದ್ದೆ. ಎಲುಬಿನ ಡಾಕ್ಟರು ಅದಕ್ಕೇನೋ ಟೆನಿಸ್ ಅಂತ ಹೆಸರು ಹೇಳ್ಯಾರ.”

“ಟೆನಿಸ್ ಎಲ್ಬೋ.”

“ಹ್ಞಾ, ಅದ. ಕೈಗೆ ತಿಂಗಳುಗಟ್ಟಲೆ ರೆಸ್ಟ್ ಬೇಕಂತ. ಆಮ್ಯಾಲ ರೊಟ್ಟಿ, ಆಟ ಎರಡೂ ಒಂದ ಕೈಲೆ ಆಗಂಗಿಲ್ಲ, ಒಂದು ಬಿಡು ಅಂದ್ರು.”

ಆ ಡಾಕ್ಟರರು ನಮ್ಮ ಗಿರಾಕಿಯೇ, ಒಳ್ಳೆಯವರು, ಹೇಳಿದ್ದೂ ಸರಿಯಾಗಿತ್ತು. ತಪ್ಪು ಹೇಳುವ ಕೆಲಸವನ್ನು ಉಳಿದವರು ವಹಿಸಿಕೊಂಡರು. ಸಂಗಪ್ಪ ಸಾವಕಾರ್ರ ಪ್ರಕಾರ ಅದು ರೊಟ್ಟಿ ಬಡಿದು ಬಂದ ನೋವು. ತಾವು ಕೊಟ್ಟ ಬ್ಯಾಟಿನದಲ್ಲ. ಅವರು ತಮ್ಮ ಪರಿಚಯದವರಿಂದ ರೊಟ್ಟಿ ಒತ್ತುವ ಮಷೀನೊಂದನ್ನು ಖಾನಾವಳಿಗೆ ತರಿಸಿದರು. ಅದು ಒತ್ತಿದ ರೊಟ್ಟಿಯನ್ನು ಹಮಾಲರು ಒಂದು ವಾರ ಉಂಡು, ಮಡಚಿ, ಚಪ್ಪಲಿಯೊಳಗೆ ಹಾಕಿಕೊಳ್ಳಲು ಅಡ್ಡಿಯಿಲ್ಲ ಎಂದು ತೀರ್ಪು ಕೊಟ್ಟರು. ಕೆಲವರು ಬೇರೆ ಖಾನಾವಳಿ ಹಿಡಿದರು. ಮಷೀನು ವಾಪಸ್ ಹೋಯಿತು. ಉಳಿದವರದೆಲ್ಲ ಒಂದೇ ಮಾತು, ಹೆಣ್ಣುಮಗಳಿಗೆ ಬ್ಯಾಟು ಯಾಕೆ ಬೇಕಿತ್ತು, ಬಿಟ್ಟರೆ ಮುಗಿಯಿತಲ್ಲ ಎಂದು. ಊರಿನ ಗಂಡಸರ ಊಟ ಒಬ್ಬಳ ಮೊಣಕೈ ಮೇಲೆ ನಿಂತಿದೆ ಎಂಬುದು ಆವರೆಗೆ ಯಾರಿಗೂ ಹೊಳೆದಿರಲಿಲ್ಲ. ಹೊಳೆದ ಮೇಲೂ ಅವರಿಗೆ ಊಟದ ಬಗ್ಗೆಯೇ ಚಿಂತೆ.

ಆಟ ಬಿಟ್ಟರೆ ಮುಗಿಯಿತೆಂದು ಅವತ್ತು ಅಂಗಡಿಯಲ್ಲಿ ನಾನೂ ಅಂದುಕೊಂಡಿದ್ದೆ. “ರೊಟ್ಟಿ ಬಿಟ್ರ ಹೊಟ್ಟಿಗೇನು ಮಾಡ್ತಿ? ಆಟ ಬಿಡವಾ ತಂಗಿ” ಎಂದೆ.

ನೀಲಮ್ಮ ತಲೆ ಅಲ್ಲಾಡಿಸಿದಳು. “ಮಾದೇವಣ್ಣ, ಮುಂಜಾನಿಂದ ರಾತ್ರಿತನಕ ಎಲ್ಲಾರೂ ನನಗ ‘ಇನ್ನೊಂದು ತಾ’ ಅಂತಾರ. ಆ ಕಣದಾಗ ಒಬ್ಬರೂ ಅನ್ನಂಗಿಲ್ಲ. ಅಲ್ಲಿ ನಾ ಕೊಟ್ಟಿದ್ದು ಅವರ ಕಡೆ ತಡ್ಕೊಳ್ಳಾಕ ಆಗಂಗಿಲ್ಲ” ಎಂದಳು. ಹೇಳುತ್ತ ನಕ್ಕಳು, ಆದರೆ ಕಣ್ಣು ತುಂಬಿತ್ತು. ಇಷ್ಟು ವರ್ಷ ಗಟ್ ಹಾಕಿದ್ದೇನೆ, ಈ ಆಟ ಯಾರಿಗಾದರೂ ಇಷ್ಟು ಬೇಕಾಗಿರಬಹುದು ಎಂದು ಅನ್ನಿಸಿದ್ದು ಅವತ್ತೇ.

ಬ್ಯಾಟು ಇಸಿದುಕೊಂಡೆ. ಹಳೆಯ ಗಟ್ಟನ್ನು ನಡುವಿನಿಂದ ಶುರುಮಾಡಿ ಹೊರಗಿನ ಕಡೆಗೆ, ಉದ್ದ ಅಡ್ಡ ಎರಡನ್ನೂ ಜೊತೆಜೊತೆಗೆ ಕತ್ತರಿಸಬೇಕು. ಒಂದೇ ಕಡೆಯಿಂದ ಕತ್ತರಿಸಿದರೆ ಚೌಕಟ್ಟು ಸೊಟ್ಟಗಾಗುತ್ತದೆ. ಹೊಸಬರು ಇದನ್ನು ಮರೆಯಬೇಡಿ. ಜೀವವಿರುವ ಗಟ್ಟಿಗೆ ಕತ್ತರಿ ತಾಕಿದರೆ ಟಣ್ ಎನ್ನುತ್ತದೆ. ಇದು ಒಣ ಕಡ್ಡಿ ಮುರಿದ ಸದ್ದು ಮಾಡಿತು. ಆಮೇಲೆ ಕಪಾಟಿನ ತಳದಿಂದ ಧೂಳು ಹಿಡಿದ ನೈಲಾನ್ ಗಟ್ಟಿನ ಪೊಟ್ಟಣ ತೆಗೆದೆ. ಮೆತ್ತನೆಯ ಎಳೆ, ಕೈಗೆ ಹಿತ, ಹವ್ಯಾಸಕ್ಕೆ ಆಡುವ ಹತ್ತರಲ್ಲಿ ಒಂಬತ್ತು ಜನಕ್ಕೆ ಅದೇ ಸರಿ. ಯಾರೂ ಕೊಳ್ಳುತ್ತಿರಲಿಲ್ಲ, ಕಾರಣ ಪೊಟ್ಟಣದ ಮೇಲೆ ಯಾರ ಫೋಟೋವೂ ಇರಲಿಲ್ಲ.

ಗಲ್ಲೆಯಿಂದ ಗುರುಪಾದಪ್ಪನವರ ದನಿ ಬಂತು. “ಅದನ್ನ್ಯಾಕ ತಗದಿ? ಸುರುಳಿ ಖಾಲಿ ಆಗಬೇಕು. ಅದನ್ನ ಹಾಕು.”

“ಆಕಿ ಕೈ ಹೋಗೈತ್ರಿ ಮಾಲಕ್ರ, ಅದರಿಂದನ.”

“ಕೈ ಹೋಗಿದ್ದು ಡಾಕ್ಟರ್ ನೋಡ್ತಾರ. ನಮ್ಮ ಅಂಗಡ್ಯಾಗ ಅಗ್ಗದ ಮಾಲು ಹಾಕಿದ್ರು ಅಂದ್ರ ನನ್ನ ಇಜ್ಜತ್ತಿನ ಗತಿ ಏನು?”

“ಮಧ್ಯಾಹ್ನ ಊಟ ಎಲ್ಲಿ ಮಾಡ್ತೀರಿ?” ಎಂದೆ. ಅವರು ಉಣ್ಣುವುದೂ ನೀಲಮ್ಮನ ಖಾನಾವಳಿಯಲ್ಲೇ. ರಾತ್ರಿಗೆ ಬುತ್ತಿ ಡಬ್ಬಿ ತುಂಬಿಸುವುದೂ ಅಲ್ಲಿಂದಲೇ. ಮಾಲೀಕರು ಕ್ಷಣ ಯೋಚಿಸಿ ಸಲಾಕೆಗೆ ನೇತುಹಾಕಿದ್ದ ಚೀಲವನ್ನು ತಾವೇ ಎದ್ದು ಬಂದು ತೆಗೆದುಕೊಂಡರು. ಅಷ್ಟು ವರ್ಷಗಳಲ್ಲಿ ಅವರು ಈ ಕಸುಬಿಗೆ ಮಾಡಿದ ಉಪಕಾರ ಅದೊಂದೇ.

ಚೌಕಟ್ಟಿನ ರಾಳ ಒರೆಸಿ, ನಲವತ್ತೆಂಟು ಪೌಂಡಿಗೆ ಎಳೆದು ಹೆಣೆದು ಕೊಟ್ಟೆ. ನೀಲಮ್ಮ ಅಂಗೈಯಿಂದ ಒತ್ತಿ ನೋಡಿ ಮುಖ ಸಿಂಡರಿಸಿದಳು. “ಇದೇನಣ್ಣ, ಜೋಳಿಗಿ ಆಗೈತಲ್ಲ! ಇದರಾಗ ಸಾವಕಾರನ್ನ ಸೋಲಸಾಕ ಬರತೈತೇನು? ಇನ್ನೊಂಚೂರು ಬಿಗಿ.” ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಇವಳೂ ಅದೇ ಕಣದ ನೀರು ಕುಡಿದವಳು. ಬಿಗಿಯುವುದಿಲ್ಲ ಎಂದೆ. ಕೈ ಪೂರ್ತಿ ವಾಸಿಯಾಗುವವರೆಗೆ ಇದನ್ನೂ ಮುಟ್ಟಬೇಡ, ಆಮೇಲೆ ಇದರಲ್ಲೇ ಆಡು, ಬೇರೆಯದು ಹಿಡಿದರೆ ನನ್ನ ಹತ್ತಿರ ಬರಬೇಡ ಎಂದು ಗದರಿ ಕಳಿಸಿದೆ. ಬ್ಯಾಟನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಆ ಮೇಲಿನ ತಿಂಗಳುಗಳಲ್ಲಿ ಖಾನಾವಳಿಯಲ್ಲಿ ಬರೀ ಅನ್ನ ಸಾರು. ಬೇಸತ್ತು ಇನ್ನಷ್ಟು ಜನ ಬಿಟ್ಟರು. ನೀಲಮ್ಮ ಮುದಗಲ್ಲಿನಿಂದ ಒಬ್ಬಾಕೆಯನ್ನು ರೊಟ್ಟಿಗೆಂದು ಕರೆಸಿದಳು, ಆಕೆ ನಾಲ್ಕು ದಿನ ನಿಂತು ಹೋದಳು. ಇನ್ನೊಂದು ಸುಗ್ಗಿಯವರೆಗೆ ಹೀಗೇ ನಡೆದರೆ ಬಾಗಿಲು ಹಾಕುವುದೇ ಎಂದು ನಾದಿನಿ ನನ್ನ ಮುಂದೆ ಅತ್ತಳು. ಕಣದ ಮೇಲೆ ಬತ್ತ ಬಂತು, ಹೋಯಿತು. ಮತ್ತೆ ಬಿಳಿ ಗೆರೆ ಎಳೆದರು. ಆಗ ಒಂದು ದಿನ, ನೀಲಮ್ಮ ಮತ್ತೆ ರೊಟ್ಟಿಗೆ ಕೂತಿದ್ದಾಳೆ ಎಂದು ಸುದ್ದಿ ಬಂತು. ಮಧ್ಯಾಹ್ನ ನಾನೂ ಹೋದೆ. ಬಿಟ್ಟುಹೋದವರೆಲ್ಲ ವಾಪಸ್ ಬಂದು ಸಾಲಾಗಿ ಕೂತಿದ್ದರು. ಸಂಗಪ್ಪ ಸಾವಕಾರ್ರು ಹಟ್ಟಿಯ ಇಬ್ಬರು ಟೆನಿಸ್ ಗೆಳೆಯರನ್ನು ಕರೆತಂದಿದ್ದರು. ಒಳಗಿನಿಂದ ಟಪ್ ಟಪ್ ಸದ್ದು, ಸ್ವಲ್ಪ ತಡವರಿಸಿಕೊಂಡು.

ತಾಟಿಗೆ ರೊಟ್ಟಿ ಬಿತ್ತು. ಒಂದು ಬದಿ ದಪ್ಪ, ಇನ್ನೊಂದು ಬದಿ ಹರಿದಿತ್ತು. ಸಾವಕಾರ್ರು ಎದ್ದು, ಕತ್ತು ಚಾಚಿ ಒಲೆಯ ಕಡೆ ನೋಡಿದವರು ಹಾಗೇ ನಿಂತುಬಿಟ್ಟರು. ನೀಲಮ್ಮ ಬಲಗೈ ಬೆರಳಿನಿಂದ ಹಿಟ್ಟನ್ನು ಮೆಲ್ಲಗೆ ತಿರುಗಿಸುತ್ತ ಎಡಗೈಯಿಂದ ಬಡಿಯುತ್ತಿದ್ದಳು.

“ಏನಬೇ ನೀಲಮ್ಮ! ಎಡಗೈಲೆ ಬಡದ ರೊಟ್ಟಿ ಉಣಸ್ತೀಯೇನು ನಮಗ?”

ನಮ್ಮ ಕಡೆ ಎಡಗೈಯಿಂದ ತಾಂಬೂಲ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ, ಇನ್ನು ಅನ್ನದ ವಿಷಯ ಕೇಳಬೇಕೆ. ಹಿಂದೆ ಕೂತಿದ್ದ ಇಬ್ಬರು ತಾಟು ಸರಿಸಿ ಎದ್ದೇ ಹೋದರು. ಬಾಗಿಲಲ್ಲಿ ನಿಂತಿದ್ದ ನಾದಿನಿಯ ಮುಖ ಬಿಳಚಿಕೊಂಡಿತು.

“ತೊಳದ ಕೈ ಐತ್ರಿ ಸಾವಕಾರ್ರ” ಎಂದಳು ನೀಲಮ್ಮ, ಬಡಿಯುವುದನ್ನು ನಿಲ್ಲಿಸದೆ.

“ಅದಲ್ಲ, ಬಲಗೈಗೆ ಏನಾಗೈತಿ? ಇನ್ನೂ ಆರಾಮ ಆಗಿಲ್ಲೇನು?”

“ಆರಾಮ ಆಗೈತ್ರಿ.”

“ಮತ್ತ?”

ನೀಲಮ್ಮ ರೊಟ್ಟಿಯನ್ನು ಹಂಚಿಗೆ ಹಾಕಿದಳು, ನೀರು ಸವರಿದಳು, ಆಮೇಲೆ ನಮ್ಮೆಲ್ಲರ ಕಡೆ ತಿರುಗಿದಳು. “ಡಾಕ್ಟರು ಒಂದ ಕೈಲೆ ಎರಡೂ ಆಗಂಗಿಲ್ಲ ಅಂದ್ರು. ಈ ಬಲಗೈ ಇಷ್ಟು ವರ್ಷ ನಿಮ್ಮ ಹೊಟ್ಟಿಗೆ ದುಡದೈತಿ. ಇನ್ನ ಮ್ಯಾಲ ಅದು ನಂದು. ನಿಮ್ಮ ರೊಟ್ಟಿ ಬಡಿಯೂದು ಎಡಗೈಗೆ ಕಲಸಾಕತ್ತೀನಿ. ಉಣ್ಣೋರು ಉಣ್ರಿ, ಒಲ್ಲದೋರು ಏಳ್ರಿ. ಮುಂಜಾನಿ ಕಣದಾಗ ಸಿಗೂಣು.”

ಹಟ್ಟಿಯ ಗೆಳೆಯರು ಸಾವಕಾರ್ರ ಮುಖ ನೋಡಿದರು. ಸಾವಕಾರ್ರು ಒಂದು ನಿಮಿಷ ರೊಟ್ಟಿಯ ದಪ್ಪ ಬದಿಯನ್ನೂ ಹರಿದ ಬದಿಯನ್ನೂ ದಿಟ್ಟಿಸಿ, ಕೂತು, ಮುರಿದು ಬಾಯಿಗಿಟ್ಟರು.